ಮೊಡವೆಯ ಮಾತ್ರೆ, ಕಪ್ಪಾಗುವ ಥೈರಾಯ್ಡ್

ನಿಮ್ಮ ಮನೆಯ ಕಪಾಟಿನಲ್ಲಿ ಔಷಧ ತುಂಬಿಡುವ ಡಬ್ಬವೊಂದು ಇದ್ದೇ ಇರುತ್ತದೆ. ಬಿಸ್ಕತ್ತಿನ ಹಳೆಯ ಟಿನ್ನೋ, ಗಲ್ಫಿನಿಂದ ಬಂದ ಚಾಕಲೇಟಿನ ಡಬ್ಬವೋ, ಅಂತೂ ಏನೋ ಒಂದು. ಅದನ್ನೊಮ್ಮೆ ತೆರೆದು ನೋಡಿ. ಅರ್ಧ ಮುಗಿದ ಜ್ವರದ ಮಾತ್ರೆ, ಒಣಗಿದ ಮುಲಾಮು, ಯಾರ ಕೆಮ್ಮಿಗೆ ತಂದದ್ದೆಂದು ಯಾರಿಗೂ ನೆನಪಿಲ್ಲದ ಸಿರಪ್ಪು. ಇವುಗಳ ನಡುವೆ ಮಗಳ ಮೊಡವೆಗೆಂದು ತಂದ ಕ್ಯಾಪ್ಸೂಲುಗಳೂ ಇರಬಹುದು. ಅದರ ಮೇಲೆ ‘ಮಿನೊಸೈಕ್ಲಿನ್’ ಎಂದು ಬರೆದಿದ್ದರೆ ಈ ಲೇಖನವನ್ನು ಪೂರ್ತಿ ಓದಿ. ಬರೆದಿಲ್ಲದಿದ್ದರೂ ಓದಿ. ವೈದ್ಯರು ಎರಡು ತಿಂಗಳಿಗೆ ಬರೆದ ಔಷಧವನ್ನು ಎರಡು ವರ್ಷ ನುಂಗುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿದೆ.

ಕಾಪುವಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳಿಗೆ ಹತ್ತೊಂಬತ್ತು ವರ್ಷ. ಮುಖದ ತುಂಬ ಮೊಡವೆ. ಮನೆಯಲ್ಲಿ ಮದುವೆಯ ಮಾತುಕತೆ ನಡೆಯುತ್ತಿದೆ. ತಾಯಿ ಅವಳನ್ನು ಉಡುಪಿಯ ಚರ್ಮರೋಗ ತಜ್ಞರಲ್ಲಿಗೆ ಕರೆದೊಯ್ಯುತ್ತಾಳೆ. ಅವರು ಮುಖಕ್ಕೆ ಹಚ್ಚಲು ಒಂದು ಮುಲಾಮು, ನುಂಗಲು ಮಿನೊಸೈಕ್ಲಿನ್ ಬರೆದು “ಎರಡು ತಿಂಗಳು ಬಿಟ್ಟು ಬಂದು ತೋರಿಸಿ” ಎನ್ನುತ್ತಾರೆ. ಮುಖ ತಿಳಿಯಾಗುತ್ತದೆ. ಮುಖ ತಿಳಿಯಾದ ಮೇಲೆ ವೈದ್ಯರ ಬಳಿಗೆ ಮತ್ತೆ ಹೋಗುವವರು ಯಾರು? ಮಾತ್ರೆ ನಿಲ್ಲಿಸಿದ ಕೂಡಲೇ ಮೊಡವೆ ಮರಳಿ ಬಂದಾಗ ಹಳೆಯ ಚೀಟಿಯೇ ಮೆಡಿಕಲ್ ಶಾಪಿಗೆ ಹೋಗುತ್ತದೆ. ಕಾರ್ಕಳದ ಚಿಕ್ಕಮ್ಮನ ಮಗಳಿಗೂ ಅದೇ ಮಾತ್ರೆಯ ಶಿಫಾರಸು ನಡೆಯುತ್ತದೆ. ರಜೆಯಲ್ಲಿ ಬಂದ ಅಣ್ಣ ದುಬೈಗೆ ಹಿಂದಿರುಗುವಾಗ ತನಗೂ ಆರು ತಿಂಗಳಿಗಾಗುವಷ್ಟು ಕಟ್ಟಿಕೊಂಡು ಹೋಗುತ್ತಾನೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ. ಆದರೆ ದಿನಕ್ಕೊಂದರಂತೆ ಮೂರು ವರ್ಷ ನುಂಗಿದರೆ ಸಾವಿರಕ್ಕೂ ಹೆಚ್ಚು ಕ್ಯಾಪ್ಸೂಲು ಹೊಟ್ಟೆಗೆ ಹೋಗಿರುತ್ತದೆ.

ಒಂದು ದಿನ ಕನ್ನಡಿಯ ಮುಂದೆ ನಿಂತಾಗ ಆ ಹುಡುಗಿಯ ಬೆರಳಿಗೆ ಕುತ್ತಿಗೆಯಲ್ಲಿ ಸಣ್ಣ ಗಂಟು ತಾಗುತ್ತದೆ. ಮೊಬೈಲಿನಲ್ಲಿ ಮಾತ್ರೆಯ ಹೆಸರು ಹುಡುಕಿದರೆ ‘ಕಪ್ಪು ಥೈರಾಯ್ಡ್’, ‘ಕ್ಯಾನ್ಸರ್’ ಎಂಬ ಪದಗಳು ಎದುರಾಗುತ್ತವೆ. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. “ಉಮ್ಮಾ, ನನಗೆ ಕ್ಯಾನ್ಸರಾ?” ಎಂದು ಮಗಳು ಕೇಳಿದರೆ ಆ ತಾಯಿ ಏನು ಹೇಳಬೇಕು?

ಕುತ್ತಿಗೆಯಲ್ಲೊಂದು ಚಿಟ್ಟೆ

ಮೊದಲು ಈ ಗ್ರಂಥಿಯ ಪರಿಚಯ ಮಾಡಿಕೊಳ್ಳೋಣ. ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ರೆಕ್ಕೆ ಬಿಚ್ಚಿ ಕುಳಿತ ಚಿಟ್ಟೆಯಂತೆ ಥೈರಾಯ್ಡ್ ಗ್ರಂಥಿ ಇರುತ್ತದೆ. ತೂಕ ಸುಮಾರು 15ರಿಂದ 20 ಗ್ರಾಂ. ಬಣ್ಣ ಕೆಂಪು ಬೆರೆತ ಕಂದು. ನಾವು ತಿನ್ನುವ ಉಪ್ಪು, ಮೀನುಗಳಲ್ಲಿರುವ ಅಯೋಡಿನ್ನನ್ನು ರಕ್ತದಿಂದ ಹೀರಿಕೊಂಡು ಇದು ಹಾರ್ಮೋನು ತಯಾರಿಸುತ್ತದೆ. ಎದೆಬಡಿತದ ವೇಗ, ಮೈಯ ಬಿಸಿ, ತೂಕ, ಮುಟ್ಟಿನ ಕ್ರಮ, ಮಕ್ಕಳ ಬುದ್ಧಿಯ ಬೆಳವಣಿಗೆ ಎಲ್ಲದಕ್ಕೂ ಈ ಹಾರ್ಮೋನು ಬೇಕು. ಹೆಂಗಸರಲ್ಲಿ ಥೈರಾಯ್ಡ್ ತೊಂದರೆಗಳು ಗಂಡಸರಿಗಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದಲೇ ಈ ವಿಷಯ ಮನೆಯ ಹೆಣ್ಣುಮಕ್ಕಳಿಗೆ ಹೆಚ್ಚು ಸಂಬಂಧಿಸಿದ್ದು.

ಬಣ್ಣ ಬದಲಾಗುವುದು ಹೇಗೆ?

ಮಿನೊಸೈಕ್ಲಿನ್ ಟೆಟ್ರಾಸೈಕ್ಲಿನ್ ಗುಂಪಿಗೆ ಸೇರಿದ ಆ್ಯಂಟಿಬಯೋಟಿಕ್. 1970ರ ದಶಕದ ಆರಂಭದಿಂದ ಬಳಕೆಯಲ್ಲಿದೆ. ಮೊಡವೆಯಲ್ಲದೆ ಬೇರೆ ಕೆಲವು ಚರ್ಮರೋಗಗಳಿಗೂ, ಕೆಲವು ಸಂದರ್ಭಗಳಲ್ಲಿ ಕುಷ್ಠರೋಗಕ್ಕೂ ಇದನ್ನು ಕೊಡುತ್ತಾರೆ. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಗುಣ ಇರುವುದರಿಂದ ಇದು ದೇಹದ ನಾನಾ ಭಾಗಗಳಿಗೆ ಚೆನ್ನಾಗಿ ಇಳಿಯುತ್ತದೆ. ಮೊಡವೆಗೆ ಇದು ಕೆಲಸ ಮಾಡಲು ಆ ಗುಣವೂ ಒಂದು ಕಾರಣ. ಬೇಡದ ಕಡೆ ಬಣ್ಣ ಉಳಿಸಿ ಹೋಗುವುದಕ್ಕೂ ಅದೇ ದಾರಿ.

ಬದನೆಕಾಯಿಯನ್ನೋ ಬಾಳೆಕಾಯಿಯನ್ನೋ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುತ್ತದೆ. ಕಾಯಿಯೊಳಗಿನ ಕಿಣ್ವವೊಂದು ಗಾಳಿಯ ಆಮ್ಲಜನಕದ ಜೊತೆ ಸೇರಿ ಮಾಡುವ ಕೆಲಸ ಅದು. ಥೈರಾಯ್ಡಿನಲ್ಲೂ ಹೆಚ್ಚುಕಡಿಮೆ ಇಂಥದೇ ಒಂದು ಕ್ರಿಯೆ ನಡೆಯುತ್ತದೆ. ಅಯೋಡಿನ್ನನ್ನು ಹಾರ್ಮೋನಿಗೆ ಜೋಡಿಸಲು ಗ್ರಂಥಿಯಲ್ಲಿ ಪೆರಾಕ್ಸಿಡೇಸ್ ಎಂಬ ಕಿಣ್ವವಿದೆ. ಈ ಕಿಣ್ವದ ಕೈಗೆ ಸಿಕ್ಕ ಮಿನೊಸೈಕ್ಲಿನ್ ಮಾರ್ಪಾಡಾಗಿ ಕಪ್ಪು ವರ್ಣದ್ರವ್ಯವಾಗುತ್ತದೆ, ಜೀವಕೋಶಗಳ ಒಳಗೆ ಸಣ್ಣ ಸಣ್ಣ ಕಣಗಳಾಗಿ ಕೂರುತ್ತದೆ. ವರ್ಷಗಟ್ಟಲೆ ಔಷಧ ಹೋಗುತ್ತಲೇ ಇದ್ದರೆ ಇಡೀ ಗ್ರಂಥಿ ಇದ್ದಿಲಿನ ಬಣ್ಣಕ್ಕೆ ತಿರುಗಬಹುದು. ಇದನ್ನೇ ವೈದ್ಯರು ‘ಕಪ್ಪು ಥೈರಾಯ್ಡ್’ ಎನ್ನುತ್ತಾರೆ.

1967ರಲ್ಲಿ ಪ್ರಯೋಗಾಲಯದ ಪ್ರಾಣಿಗಳಲ್ಲಿ ಇದು ಮೊದಲು ಕಂಡುಬಂತು. ಮನುಷ್ಯರಲ್ಲಿ ಕಂಡದ್ದನ್ನು 1976ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಅಟ್‌ವುಡ್ ಮತ್ತು ಡೆನೆಟ್ ಎಂಬ ವೈದ್ಯರು ವರದಿ ಮಾಡಿದರು. ಆ ನಂತರ ಬೇರೆ ಬೇರೆ ದೇಶಗಳಿಂದ ಇಂಥ ವರದಿಗಳು ಬಂದಿವೆ. ಔಷಧ ನಿಲ್ಲಿಸಿ ವರ್ಷಗಳಾದ ಮೇಲೂ ಬಣ್ಣ ಉಳಿದದ್ದುಂಟು.

ಒಂದು ಮಾತು ನೆನಪಿಡಿ. ಈ ಬಣ್ಣ ಹೊರಗಿನಿಂದ ಕಾಣುವುದಿಲ್ಲ. ಕುತ್ತಿಗೆಯ ಚರ್ಮ ಕಪ್ಪಾಗಿದೆ ಎಂದು ಥೈರಾಯ್ಡ್ ಕಪ್ಪಾಗಿದೆ ಎಂದು ತಿಳಿಯಬೇಡಿ. ಕುತ್ತಿಗೆಯ ಹಿಂದೆ ಮಡಿಕೆಗಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗುವುದಕ್ಕೆ ಬೊಜ್ಜು, ಸಕ್ಕರೆ ಕಾಯಿಲೆಯ ಮುನ್ಸೂಚನೆ ಮುಂತಾದ ಬೇರೆ ಕಾರಣಗಳಿವೆ. ಥೈರಾಯ್ಡಿನ ಬಣ್ಣ ಅಲ್ಟ್ರಾಸೌಂಡ್ ಸ್ಕ್ಯಾನಿಂಗಿನಲ್ಲಿಯೂ ತಿಳಿಯುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಶಸ್ತ್ರಚಿಕಿತ್ಸೆ ಮಾಡಿದಾಗ, ಸೂಜಿಯಿಂದ ಕೋಶ ತೆಗೆದು ನೋಡಿದಾಗ, ಇಲ್ಲವೇ ಮರಣೋತ್ತರ ಪರೀಕ್ಷೆಯಲ್ಲಿ ಮಾತ್ರ ಅದು ಬೆಳಕಿಗೆ ಬರುತ್ತದೆ.

ಕಪ್ಪು ಎಂದರೆ ಕ್ಯಾನ್ಸರೇ?

ಅಲ್ಲ. ಬಣ್ಣ ಎಂಬುದು ಕ್ಯಾನ್ಸರ್ ಅಲ್ಲ. ಕಪ್ಪಾದ ಎಷ್ಟೋ ಗ್ರಂಥಿಗಳು ತಮ್ಮ ಕೆಲಸವನ್ನು ಎಂದಿನಂತೆಯೇ ಮಾಡುತ್ತಿರುತ್ತವೆ. ಹಾಗಾದರೆ ಇವೆರಡರ ಹೆಸರು ಒಟ್ಟಿಗೆ ಕೇಳಿಬರುವುದೇಕೆ? ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕಪ್ಪು ಥೈರಾಯ್ಡುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಅವುಗಳಲ್ಲಿ ಸಾಕಷ್ಟು ಪಾಲಿನಲ್ಲಿ ಕ್ಯಾನ್ಸರ್, ಅದರಲ್ಲೂ ‘ಪ್ಯಾಪಿಲರಿ’ ಎಂಬ ಬಗೆಯದ್ದು ಕಂಡುಬಂತು. ಇದನ್ನು ಓದಿದವರಿಗೆ ಗಾಬರಿಯಾಗುವುದು ಸಹಜ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮಲ್ಪೆ ಬಂದರಿಗೆ ಹೋಗಿ ಬಂಗುಡೆಯ ಬಲೆ ಹಾಕಿದ ದೋಣಿಯೊಂದರ ಬುಟ್ಟಿಗಳನ್ನು ಮಾತ್ರ ನೋಡಿ, ‘ಕಡಲಿನಲ್ಲಿರುವುದೆಲ್ಲ ಬಂಗುಡೆಯೇ’ ಎಂದರೆ ಮೀನುಗಾರರು ನಗುತ್ತಾರೆ. ಶಸ್ತ್ರಚಿಕಿತ್ಸಕರ ಮೇಜಿಗೆ ಬರುವುದು ಗಂಟು ಇರುವ, ಅನುಮಾನ ಹುಟ್ಟಿಸಿದ ಥೈರಾಯ್ಡ್ ಮಾತ್ರ. ಅಂಥವುಗಳಲ್ಲಿ ಕ್ಯಾನ್ಸರಿನ ಪಾಲು ಹೆಚ್ಚಿರುವುದು ಸ್ವಾಭಾವಿಕ. ಇದೇ ಮಾತ್ರೆ ನುಂಗಿ, ಗ್ರಂಥಿ ಕಪ್ಪಾಗಿಯೂ ಯಾವ ತೊಂದರೆಯಿಲ್ಲದೆ ಬದುಕುತ್ತಿರುವವರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಆದ್ದರಿಂದ ಬಣ್ಣವೇ ಕ್ಯಾನ್ಸರನ್ನು ತರುತ್ತದೆ ಎಂದು ಈವರೆಗೆ ಸಾಬೀತಾಗಿಲ್ಲ.

ಇನ್ನೊಂದು ಕುತೂಹಲದ ಸಂಗತಿ ಇದೆ. ಕಪ್ಪು ಗ್ರಂಥಿಯೊಳಗೆ ಕ್ಯಾನ್ಸರ್ ಗಂಟು ಇದ್ದಾಗ ಸಾಮಾನ್ಯವಾಗಿ ಆ ಗಂಟು ಕಪ್ಪಾಗಿರುವುದಿಲ್ಲ. ಸುತ್ತಲೂ ಕಪ್ಪು, ನಡುವೆ ಬಿಳಿಚಿದ ಮಚ್ಚೆ. ಕ್ಯಾನ್ಸರ್ ಕೋಶಗಳಲ್ಲಿ ಆ ಪೆರಾಕ್ಸಿಡೇಸ್ ಕಿಣ್ವ ಸರಿಯಾಗಿ ಕೆಲಸ ಮಾಡದಿರುವುದರಿಂದ ಅಲ್ಲಿ ಬಣ್ಣ ತಯಾರಾಗುವುದಿಲ್ಲ ಎಂಬುದು ಇದಕ್ಕೆ ಕೊಡುವ ವಿವರಣೆ. ಆದ್ದರಿಂದ ಶಸ್ತ್ರಚಿಕಿತ್ಸಕರು ಕಪ್ಪಿಗಿಂತ ಹೆಚ್ಚಾಗಿ ಅದರ ನಡುವಿನ ಬಿಳಿ ಭಾಗವನ್ನು ಸಂಶಯದಿಂದ ನೋಡುತ್ತಾರೆ.

ಹಾಗಾದರೆ ಎಚ್ಚರಿಕೆ ಯಾಕೆ?

ಸಾಬೀತಾಗಿಲ್ಲ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೂರುವಂತಿಲ್ಲ. ಇಲಿಗಳಿಗೆ ದೀರ್ಘಕಾಲ ಮಿನೊಸೈಕ್ಲಿನ್ ತಿನ್ನಿಸಿದಾಗ ಥೈರಾಯ್ಡ್ ಗೆಡ್ಡೆಗಳು ಕಾಣಿಸಿಕೊಂಡಿವೆ. ಔಷಧವು ಆ ಕಿಣ್ವವನ್ನು ತಡೆದಾಗ ಹಾರ್ಮೋನು ಕಡಿಮೆಯಾಗುತ್ತದೆ. ಆಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸಿ ‘ಇನ್ನಷ್ಟು ದುಡಿ’ ಎಂದು ಥೈರಾಯ್ಡನ್ನು ಅಟ್ಟುತ್ತದೆ. ಈ ಒತ್ತಡಕ್ಕೆ ಇಲಿಗಳ ಗ್ರಂಥಿ ಮನುಷ್ಯರದ್ದಕ್ಕಿಂತ ಬೇಗ ಸೋತು ಬೆಳೆಯುತ್ತದೆ. ಇಲಿಗಾದದ್ದೆಲ್ಲ ನಮಗೂ ಆಗುತ್ತದೆ ಎಂದು ಹೇಳುವಂತಿಲ್ಲ. ಆದರೂ ಈ ಔಷಧ ಬಳಸಿದವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಕಂಡ ಪ್ರಕರಣಗಳು ವರದಿಯಾಗಿರುವುದರಿಂದ, ದೀರ್ಘಕಾಲ ಸೇವಿಸುವವರಲ್ಲಿ ಅದರ ಲಕ್ಷಣಗಳ ಮೇಲೆ ನಿಗಾ ಇಡುವುದನ್ನು ಪರಿಗಣಿಸಬೇಕು ಎಂದು ಅಮೆರಿಕದಲ್ಲಿ ಮಿನೊಸೈಕ್ಲಿನ್ ಜೊತೆ ಕೊಡುವ ಅಧಿಕೃತ ಮಾಹಿತಿ ಪತ್ರವೇ ಹೇಳುತ್ತದೆ. ನಾವು ಡಬ್ಬ ತೆರೆದ ಕೂಡಲೇ ಎಸೆಯುವ ಕಾಗದದಲ್ಲಿ ಇಂಥ ಮಾತುಗಳಿರುತ್ತವೆ.

ಕ್ಯಾನ್ಸರಿನ ಮಾತು ಹಾಗಿರಲಿ. ಈ ಮಾತ್ರೆಯಿಂದ ಖಚಿತವಾಗಿ ಆಗಬಹುದಾದ ಬೇರೆ ತೊಂದರೆಗಳಿವೆ. ಮೊಡವೆಯ ಕಲೆಗಳ ಮೇಲೆ, ಮೊಣಕಾಲಿನ ಕೆಳಗೆ, ಉಗುರು, ಒಸಡು, ಹಲ್ಲು, ಕಣ್ಣಿನ ಬಿಳಿಭಾಗದಲ್ಲಿ ನೀಲಿಬೂದು ಬಣ್ಣ ಬೀಳಬಹುದು. ಮುಖ ತಿಳಿಯಾಗಲೆಂದು ನುಂಗಿದ ಮಾತ್ರೆ ಮುಖಕ್ಕೇ ಮಸಿ ಬಳಿದಂತಾಗುತ್ತದೆ. ಅಪರೂಪಕ್ಕೆ ಯಕೃತ್ತಿನ ಉರಿಯೂತ, ಕೀಲುನೋವು ಜ್ವರಗಳೊಂದಿಗೆ ಬರುವ ಲೂಪಸ್‌ನಂಥ ಕಾಯಿಲೆ, ತಲೆಯೊಳಗಿನ ಒತ್ತಡ ಹೆಚ್ಚಿ ಕಣ್ಣು ಮಂಜಾಗುವುದು, ಥೈರಾಯ್ಡಿನ ಉರಿಯೂತ ಇವೂ ಆಗುತ್ತವೆ. ಬಸುರಿಯರು ಈ ಗುಂಪಿನ ಔಷಧಗಳನ್ನು ತೆಗೆದುಕೊಳ್ಳಬಾರದು. ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಟ್ಟರೆ ಹಲ್ಲಿಗೆ ಬೀಳುವ ಕಲೆ ಜೀವನಪೂರ್ತಿ ಉಳಿಯುತ್ತದೆ. ಮದುವೆಗೆ ಮುಂಚೆ ಶುರು ಮಾಡಿದ ಮಾತ್ರೆಯನ್ನು ಮದುವೆಯ ನಂತರವೂ ಮುಂದುವರಿಸುವ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಇಷ್ಟೆಲ್ಲ ಇರುವುದರಿಂದಲೇ ಮೊಡವೆಗೆ ನುಂಗುವ ಆ್ಯಂಟಿಬಯೋಟಿಕನ್ನು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗಿಂತ ಹೆಚ್ಚು ಎಳೆಯಬಾರದೆಂದು ಚರ್ಮರೋಗ ತಜ್ಞರು ಹೇಳುತ್ತಾರೆ. ಆ ಬಳಿಕ ಮುಲಾಮು ಮುಂತಾದ ಬೇರೆ ಚಿಕಿತ್ಸೆಗೆ ಬದಲಾಯಿಸುತ್ತಾರೆ. ವೈದ್ಯರು “ಮತ್ತೆ ಬನ್ನಿ” ಎನ್ನುವುದು ಫೀಸಿಗಾಗಿ ಎಂದು ನಾವು ಭಾವಿಸುತ್ತೇವೆ. ಔಷಧವನ್ನು ನಿಲ್ಲಿಸುವ ದಿನವನ್ನು ನಿರ್ಧರಿಸಲೂ ವೈದ್ಯರೇ ಬೇಕು ಎಂಬುದನ್ನು ಮರೆಯುತ್ತೇವೆ.

ಇಲಿಜ್ವರದ ಮಾತ್ರೆ ಬಿಡಬೇಡಿ

ಇಲ್ಲಿ ಒಂದು ತಪ್ಪು ತಿಳುವಳಿಕೆ ಆಗಬಾರದು. ನಮ್ಮ ಉಡುಪಿ ಜಿಲ್ಲೆಯಲ್ಲಿ ಮಳೆಗಾಲ ಬಂದರೆ ಇಲಿಜ್ವರದ ಭಯ. ಗದ್ದೆ, ತೋಟ, ಚರಂಡಿ ನೀರಿನಲ್ಲಿ ಕೆಲಸ ಮಾಡುವವರಿಗೆ ವೈದ್ಯರು ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಇದೂ ಅದೇ ಗುಂಪಿನ ಔಷಧ. ಹೆಸರಿನ ಬಾಲ ಒಂದೇ ಎಂದು ಹೆದರಿ ಅದನ್ನು ಬಿಡಬೇಡಿ. ಥೈರಾಯ್ಡ್ ಕಪ್ಪಾದ ವರದಿಗಳು ಹೆಚ್ಚುಕಡಿಮೆ ಎಲ್ಲವೂ ಮಿನೊಸೈಕ್ಲಿನ್‌ಗೆ ಸಂಬಂಧಿಸಿದವು. ಇಲಿಜ್ವರದ ಚಿಕಿತ್ಸೆ ಕೆಲವೇ ದಿನಗಳದ್ದು, ಆದರೆ ಚಿಕಿತ್ಸೆ ಸಿಗದ ಇಲಿಜ್ವರ ಮೂತ್ರಪಿಂಡ, ಯಕೃತ್ತುಗಳನ್ನು ಹಾಳುಮಾಡಿ ಜೀವ ತೆಗೆಯಬಲ್ಲದು. ಹಾಗೆಯೇ ಕುಷ್ಠರೋಗದ ಚಿಕಿತ್ಸೆಯಲ್ಲಿ ಮಿನೊಸೈಕ್ಲಿನ್ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಔಷಧ ನಮ್ಮ ವೈರಿಯಲ್ಲ, ಲೆಕ್ಕ ತಪ್ಪಿದ ಔಷಧ ವೈರಿ.

ಗಂಟು ಕಂಡರೆ ಏನು ಮಾಡಬೇಕು?

ಕುತ್ತಿಗೆಯ ಮುಂಭಾಗದಲ್ಲಿ ಗಂಟು ಕಂಡು ಅದು ನೀರು ನುಂಗುವಾಗ ಮೇಲೆ ಕೆಳಗೆ ಸರಿದರೆ ಅದು ಥೈರಾಯ್ಡಿನದ್ದಾಗಿರುವ ಸಾಧ್ಯತೆ ಹೆಚ್ಚು. ಥೈರಾಯ್ಡ್ ಗಂಟುಗಳು ಬಹಳ ಸಾಮಾನ್ಯ. ಅವುಗಳಲ್ಲಿ ನೂರಕ್ಕೆ 7ರಿಂದ 15 ಮಾತ್ರ ಕ್ಯಾನ್ಸರ್ ಆಗಿರುತ್ತವೆ. ಉಳಿದವು ನಿರಪಾಯಕಾರಿ. ಕ್ಯಾನ್ಸರೇ ಆಗಿದ್ದರೂ ಪ್ಯಾಪಿಲರಿ ಬಗೆಯದ್ದು ನಿಧಾನವಾಗಿ ಬೆಳೆಯುತ್ತದೆ. ಸಕಾಲದಲ್ಲಿ ಚಿಕಿತ್ಸೆ ಪಡೆದವರಲ್ಲಿ ಹತ್ತು ವರ್ಷಗಳ ನಂತರವೂ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಬದುಕಿರುತ್ತಾರೆ. ಆದರೆ ಗಂಟು ಬೇಗ ಬೆಳೆಯುತ್ತಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ, ಧ್ವನಿ ಒಡೆದಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಕುತ್ತಿಗೆಯ ಬದಿಯಲ್ಲೂ ಗಂಟುಗಳಿದ್ದರೆ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಒಂದು ದಿನವೂ ತಡಮಾಡಬೇಡಿ.

ಪರೀಕ್ಷೆಗಳು ಮೂರು ಹಂತದವು. ಮೊದಲು ಟಿಎಸ್‌ಎಚ್ ಎಂಬ ರಕ್ತ ಪರೀಕ್ಷೆ. ನಂತರ ಕುತ್ತಿಗೆಯ ಅಲ್ಟ್ರಾಸೌಂಡ್. ಅದರಲ್ಲಿ ಅನುಮಾನ ಬಂದರೆ ಸಣ್ಣ ಸೂಜಿಯಿಂದ ಗಂಟಿನ ಕೋಶ ತೆಗೆದು ನೋಡುವ ಪರೀಕ್ಷೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಮ್ಮ ಕಡೆ ಬಹಳ ಚಾಲ್ತಿಯಲ್ಲಿದೆ. ಆ ಹೆದರಿಕೆಯಿಂದ ಪರೀಕ್ಷೆಯನ್ನೇ ಬಿಟ್ಟು ಕಾಯಿಲೆಯನ್ನು ಬೆಳೆಯಲು ಬಿಡಬೇಡಿ. ಈ ಪರೀಕ್ಷೆ ರಕ್ತ ತೆಗೆಯುವಷ್ಟೇ ಸರಳ.

ಕಾಪು, ಕಾರ್ಕಳದವರು ಇದಕ್ಕಾಗಿ ದೂರದ ಊರಿಗೆ ಹೋಗಬೇಕಾಗಿಲ್ಲ. ಕಾರ್ಕಳದಲ್ಲಿ ಡಾ. ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆ ಇದೆ. ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಸರಕಾರಿ ಆಸ್ಪತ್ರೆ ಇದೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯ ವ್ಯವಸ್ಥೆಯೂ ಇದೆ. ಎಲ್ಲಿಗೆ ಹೋದರೂ ಮಾಡಬೇಕಾದ ಮುಖ್ಯ ಕೆಲಸವೊಂದಿದೆ. ನೀವು ಮಿನೊಸೈಕ್ಲಿನ್ ಎಷ್ಟು ಕಾಲ ನುಂಗಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಸೂಜಿ ಪರೀಕ್ಷೆಯ ಕೋಶಗಳಲ್ಲಿ ಕಪ್ಪು ಕಣ ಕಂಡಾಗ, ಔಷಧದ ವಿಷಯ ಗೊತ್ತಿಲ್ಲದಿದ್ದರೆ, ಅದು ರಕ್ತಸ್ರಾವದ ಗುರುತೋ, ಚರ್ಮದ ಕಪ್ಪು ಮಚ್ಚೆಯಿಂದ ಹರಡುವ ಮೆಲನೋಮ ಎಂಬ ಕ್ಯಾನ್ಸರೋ ಎಂಬ ಗೊಂದಲಕ್ಕೆ ಎಡೆಯಾಗಬಹುದು. ನಿಮ್ಮ ಒಂದು ಮಾತು ಆ ಗೊಂದಲವನ್ನು ತಪ್ಪಿಸುತ್ತದೆ.

ಹಾಗೆಂದು ಯಾವ ಲಕ್ಷಣವೂ ಇಲ್ಲದವರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಸ್ಕ್ಯಾನಿಂಗಿಗೆ ಓಡುವುದೂ ಬೇಡ. ದಕ್ಷಿಣ ಕೊರಿಯಾದಲ್ಲಿ ಹಾಗೆ ಮಾಡಿದ್ದರಿಂದ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರಲ್ಲಿ ಇದ್ದದ್ದರ 15 ಪಟ್ಟಾಯಿತು. ಆದರೆ ಆ ಕಾಯಿಲೆಯಿಂದ ಸಾಯುವವರ ಪ್ರಮಾಣ ಬದಲಾಗಲಿಲ್ಲ. ಎಂದೂ ತೊಂದರೆ ಕೊಡದಿದ್ದ ಸಣ್ಣ ಸಣ್ಣ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿಯನ್ನೇ ಕಳೆದುಕೊಂಡರು. ದೀರ್ಘಕಾಲ ಔಷಧ ಸೇವಿಸಿದವರು ವೈದ್ಯರಿಂದ ಕುತ್ತಿಗೆ ಮುಟ್ಟಿಸಿ ನೋಡಿಸಿಕೊಳ್ಳಲಿ. ಮುಂದಿನ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಅವರು ಹೇಳಲಿ.

ಮನೆಯಲ್ಲಿ ಪಾಲಿಸಬೇಕಾದ ಕೆಲವು ನಿಯಮಗಳು

1. ಔಷಧದ ಚೀಟಿಗೆ ಆಯುಷ್ಯವಿದೆ. ಎರಡು ತಿಂಗಳಿಗೆ ಬರೆದದ್ದು ಎರಡು ತಿಂಗಳಿಗೇ ಮುಗಿಯಿತು. ಅದನ್ನೇ ಹಿಡಿದು ಮತ್ತೆ ಮತ್ತೆ ಮೆಡಿಕಲ್ ಶಾಪಿಗೆ ಹೋಗಬೇಡಿ.

2. ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಅದನ್ನು ಕೊಳ್ಳಬಾರದು ಎಂದರ್ಥ. ಆ್ಯಂಟಿಬಯೋಟಿಕ್‌ಗಳ ದುರ್ಬಳಕೆ ತಡೆಯಲು ಈ ಗೆರೆಯ ಬಗ್ಗೆ ಕೇಂದ್ರ ಆರೋಗ್ಯ ಇಲಾಖೆ 2016ರಿಂದ ಪ್ರಚಾರ ನಡೆಸಿದೆ.

3. ಒಬ್ಬರ ಮೊಡವೆಯ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ, ಗಲ್ಫಿಗೆ ಕಟ್ಟಿ ಕಳಿಸಬೇಡಿ. ಅಲ್ಲಿ ಅವರು ಎಷ್ಟು ಕಾಲ ನುಂಗುತ್ತಾರೆಂದು ನೋಡುವವರು ಯಾರೂ ಇಲ್ಲ.

4. ಮೊಡವೆಗೆ ಐಸೊಟ್ರೆಟಿನಾಯಿನ್ ಎಂಬ ಇನ್ನೊಂದು ಮಾತ್ರೆಯೂ ಇದೆ. ಇವೆರಡನ್ನೂ ಒಟ್ಟಿಗೆ ನುಂಗಿದರೆ ತಲೆಯೊಳಗಿನ ಒತ್ತಡ ಏರುವ ಅಪಾಯವಿದೆ. ಎರಡು ಕಡೆ ಚಿಕಿತ್ಸೆ ಪಡೆಯುವವರು ಒಬ್ಬರ ಚೀಟಿಯನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಲೇಬೇಕು.

5. ಈ ಕ್ಯಾಪ್ಸೂಲನ್ನು ಒಂದು ಲೋಟ ತುಂಬ ನೀರಿನೊಂದಿಗೆ, ಕುಳಿತು ಇಲ್ಲವೇ ನಿಂತು ನುಂಗಿ. ರಮಝಾನಿನಲ್ಲಿ ಸಹರಿಯ ಹೊತ್ತು ಒಂದು ಗುಟುಕು ನೀರಿನಲ್ಲಿ ನುಂಗಿ ಕೂಡಲೇ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡಬಹುದು. ಕಬ್ಬಿಣಾಂಶದ ಮಾತ್ರೆಯನ್ನು ಇದರ ಜೊತೆಯಲ್ಲೇ ತೆಗೆದುಕೊಳ್ಳಬೇಡಿ.

6. ಚರ್ಮ, ಉಗುರು, ಒಸಡಿನಲ್ಲಿ ನೀಲಿಬೂದು ಬಣ್ಣ ಕಂಡರೆ, ತಲೆನೋವಿನೊಂದಿಗೆ ಕಣ್ಣು ಮಂಜಾದರೆ, ಹಳದಿಯಾದರೆ, ಕಾರಣವಿಲ್ಲದೆ ದಣಿವು, ತೂಕದಲ್ಲಿ ಏರಿಳಿತ ಕಂಡರೆ ವೈದ್ಯರನ್ನು ಕಾಣಿ.

7. ಯಾವುದೇ ಔಷಧದಿಂದ ಅಡ್ಡ ಪರಿಣಾಮವಾದರೆ ನೀವೇ ದೂರು ತಿಳಿಸಬಹುದು. ಇದಕ್ಕಾಗಿ 2010ರಲ್ಲಿ ದೇಶಮಟ್ಟದ ಯೋಜನೆಯೊಂದು ಆರಂಭವಾಗಿದೆ. ಉಚಿತ ಕರೆಯ ಸಂಖ್ಯೆ 1800-180-3024. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲೂ ಅಡ್ಡ ಪರಿಣಾಮಗಳನ್ನು ದಾಖಲಿಸುವ ಕೇಂದ್ರವಿದೆ. ನಿಮಗಾದದ್ದನ್ನು ತಿಳಿಸಿದರೆ ಮುಂದೆ ಇನ್ನೊಬ್ಬರ ಮಗಳಿಗೆ ಅದು ರಕ್ಷೆಯಾದೀತು.

ಕಾಪುವಿನ ಆ ಮನೆಗೆ ಮರಳೋಣ. “ಉಮ್ಮಾ, ನನಗೆ ಕ್ಯಾನ್ಸರಾ?” ಎಂದು ಕೇಳಿದ ಮಗಳಿಗೆ ತಾಯಿ ಹೇಳಬೇಕಾದದ್ದು ಇಷ್ಟೇ: “ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ ಮಗಳೇ. ಆದರೂ ನಾಳೆ ಬೆಳಿಗ್ಗೆಯೇ ವೈದ್ಯರ ಬಳಿ ಹೋಗೋಣ. ಈ ಮೂರು ವರ್ಷದಲ್ಲಿ ನುಂಗಿದ್ದನ್ನೆಲ್ಲ ಬಿಡದೆ ಹೇಳೋಣ.” ಹೋಗುವಾಗ ಆ ಔಷಧದ ಡಬ್ಬವನ್ನೂ ಚೀಲದಲ್ಲಿ ಹಾಕಿಕೊಳ್ಳಲಿ. ನೀವು ಕೂಡ ಇಂದು ಸಂಜೆ ನಿಮ್ಮ ಮನೆಯ ಡಬ್ಬ ತೆರೆದು, ಯಾವ ಮಾತ್ರೆ ಯಾರದ್ದು, ಯಾವಾಗಿನಿಂದ, ಯಾವಾಗಿನವರೆಗೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಬರೆಯಲಾಗದ ಮಾತ್ರೆ ಯಾವುದಿದೆಯೋ, ಅದನ್ನು ವೈದ್ಯರಿಗೆ ತೋರಿಸದೆ ಇನ್ನೊಮ್ಮೆ ಯಾರ ಬಾಯಿಗೂ ಹಾಕಬೇಡಿ.